ಹದಿನೇಳನೇ ದಿನದ ಲೆಕ್ಕ

ಬೆಳಗಿನ ಐದೂವರೆ. ಸಂಶೋಧನಾ ಕೇಂದ್ರದ ಮೂರನೇ ಮಹಡಿಯಲ್ಲಿ ಒಂದೇ ಕೋಣೆಗೆ ದೀಪ. ನಲವತ್ತಾರರ ಹೆಂಗಸೊಬ್ಬರು ಶಾಲು ಹೊದ್ದು ಕಂಪ್ಯೂಟರಿನ ಮುಂದೆ ಕೂತು, ಇಲ್ಲದ ಒಲೆಗೆ ಸೌದೆ ಹಾಕುತ್ತಿದ್ದಾರೆ. ಸೌದೆಯೂ ಅಂಕಿ, ಬೆಂಕಿಯೂ ಅಂಕಿ. ಒಂಬತ್ತಕ್ಕೆ ವಿದ್ಯಾರ್ಥಿಗಳು ಬಂದು ಕಂಪ್ಯೂಟರ್ ಕೇಳುತ್ತಾರೆ, ಅಷ್ಟರೊಳಗೆ ಮುಗಿಯಬೇಕು.

ಕೇಂದ್ರದಲ್ಲಿ ಎಲ್ಲರಿಗೂ ಇವರು ‘ಲೆಕ್ಕದಕ್ಕ’. ಮರದ ಚೂರನ್ನು ಸಾಕಷ್ಟು ಗಾಳಿ ಕೊಡದೆ ಬೇಯಿಸಿದರೆ ಉರಿಯುವ ಅನಿಲ ಬರುತ್ತದೆ. ಅದನ್ನು ಶುದ್ಧ ಮಾಡಿ ಇಂಧನ ಕೋಶಕ್ಕೆ ಹಾಯಿಸಿದರೆ ಕರೆಂಟು. ಅಂಥ ಯಂತ್ರ ಎಷ್ಟು ದಿನ ಬಾಳುತ್ತದೆಂದು ಕಂಪ್ಯೂಟರಿನಲ್ಲೇ ನಡೆಸಿ ನೋಡುವುದು ಇವರ ಕೆಲಸ. ದಿನಕ್ಕೆ ಆರು ಸಲ ಓಡಿಸಿದರೆ ನಾಲ್ಕು ಸಲ ಲೆಕ್ಕ ಅರ್ಧದಲ್ಲೇ ಕೈಕೊಡುತ್ತದೆ. ಹನ್ನೊಂದು ವರ್ಷದಿಂದ ಗುತ್ತಿಗೆ ನೌಕರಿ. ಯಾವ ಪ್ರಬಂಧದಲ್ಲೂ ಹೆಸರಿಲ್ಲ.

“ದಿನಾ ಒಲೆ ಹಚ್ಚೋಕೆ ಹೋಗ್ತಾಳೆ. ಮನೆ ಒಲೆ ಹಚ್ಚೋಳು ಮಾತ್ರ ನಾನು,” ಎಂದು ಅತ್ತೆ ಗೊಣಗುತ್ತಾರೆ.

ಎರಡು ವರ್ಷದ ಹಿಂದೆ ಕೇಂದ್ರದ ಹಿಂಬದಿಯ ಶೆಡ್ಡಿನಲ್ಲಿ ನಿಜವಾದ ಯಂತ್ರವೇ ಎದ್ದು ನಿಂತಿತು. ಅನಿಲದ ಜೊತೆ ಬರುವ ಡಾಂಬರಿನಂಥ ಅಂಟನ್ನು ತಡೆಯಲು ಇದ್ದದ್ದು ಒಂದೇ ಫಿಲ್ಟರ್. “ಎರಡನೇದು ಇಲ್ದೆ ಇಪ್ಪತ್ತು ದಿನ ದಾಟಲ್ಲ ಸಾರ್ ಅಂದೆ. ಉದ್ಘಾಟನೆ ತಾರೀಖು ನಿಗದಿ ಆಗಿತ್ತು. ಆಮೇಲೆ ನೋಡೋಣ ಬಿಡಿ ಅಂದ್ರು ಮುಖ್ಯಸ್ಥರು,” ಎನ್ನುತ್ತಾರೆ ಲೆಕ್ಕದಕ್ಕ. ಹದಿನೇಳನೇ ದಿನ ಕೋಶಕ್ಕೆ ಅಂಟು ಕಟ್ಟಿ ಯಂತ್ರ ನಿಂತುಹೋಯಿತು.

ತನಿಖೆ ನಡೆಯಿತು. ‘ಒಲೆ ನೋಡಿಕೊಳ್ಳುತ್ತಿದ್ದವನು ಹಸಿ ಸೌದೆ ಹಾಕಿದ್ದೇ ಕಾರಣ’ ಎಂದು ವರದಿ ಒಂದು ಸಾಲು ಬರೆದು ಕೈತೊಳೆದುಕೊಂಡಿತು. ಕೇಂದ್ರದಲ್ಲಿ ಹದಿನಾಲ್ಕು ವರ್ಷ ದುಡಿದ ಆ ಮನುಷ್ಯ, ಎಲ್ಲರ ‘ಒಲೆಯಣ್ಣ’, ಕೆಲಸ ಕಳೆದುಕೊಂಡು ಮನೆಗೆ ಹೋದರು. ಈಗ ಯಾವುದೋ ಗೋದಾಮಿನ ಗೇಟು ಕಾಯುತ್ತಾರೆ.

ಕಳೆದ ವರ್ಷ ಒಂದು ದಿನ ಅವರು ಈ ಕೋಣೆಯ ಬಾಗಿಲಲ್ಲಿ ಬಂದು ನಿಂತರು. “ಲೆಕ್ಕದಕ್ಕ, ನಿಜ ಹೇಳಿ. ಅದನ್ನ ನಾನೇ ಕೊಂದ್ನಾ?”

“ಗೊತ್ತಿಲ್ಲ ಅಣ್ಣ, ಓಡಿಸಿ ನೋಡ್ತೀನಿ,” ಎಂದರು ಇವರು.

ಸೌದೆಯ ತೇವ ಎಷ್ಟೆಂದು ಒಲೆಯಣ್ಣ ದಿನಾ ಬರೆದಿಟ್ಟಿದ್ದ ಪುಸ್ತಕವನ್ನು ಇವರ ಕೈಗೆ ಕೊಟ್ಟು ಹೋದರು. ನಾಲ್ಕು ತಿಂಗಳು, ಕೊನೆಯವರೆಗೆ ಮುಗಿದ ನೂರ ಹನ್ನೆರಡು ಓಟ. ಉತ್ತರ ಸಿಕ್ಕಿತು: ಎಲ್ಲ ಸೌದೆ ಒಣಗಿದ್ದೇ ಆಗಿದ್ದರೂ ಯಂತ್ರ ಇಪ್ಪತ್ತನೇ ದಿನ ಸಾಯುತ್ತಿತ್ತು. ಮೂರೇ ದಿನದ ವ್ಯತ್ಯಾಸ.

“ನಿಮ್ದೇನೂ ತಪ್ಪಿಲ್ಲ ಅಂತ ಹೇಳೋಕೆ ನಾಲಿಗೆ ತುದಿವರೆಗೂ ಬಂತು. ಆದ್ರೆ ಅವ್ರು ಸೌದೆ ಹಸಿ ಇದ್ದ ದಿನ ಹಸಿ ಅಂತಾನೇ ಬರ್ದಿದ್ರು. ನಾನು ಹೇಗೆ ಸುಳ್ಳು ಹೇಳ್ಲಿ?” ಎನ್ನುತ್ತಾರೆ ಲೆಕ್ಕದಕ್ಕ.

ಒಲೆಯಣ್ಣನನ್ನು ಕರೆಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅವರು ಪರದೆಯ ಮೇಲಿನ ಹದಿನೇಳು, ಇಪ್ಪತ್ತು ಎರಡರ ಮೇಲೂ ಬೆರಳಿಟ್ಟು ನೋಡಿದರು. “ಹಾಗಾದ್ರೆ ಮೂರು ದಿನ ನಂದು,” ಎಂದರು.

“ಮೂರು ದಿನ ನಿಮ್ದು. ಮಿಕ್ಕಿದ್ದು ನಿಮ್ದಲ್ಲ.”

ಅವರು ತಲೆಯಾಡಿಸಿ, ಚಹಾವನ್ನೂ ಕುಡಿಯದೆ ಎದ್ದು ಹೋದರು. ಮತ್ತೆ ಬಂದಿಲ್ಲ.

ಲೆಕ್ಕದಕ್ಕ ಇದನ್ನೆಲ್ಲ ಬರೆದು ಕಚೇರಿಗೆ ಮೂರು ಪತ್ರ ಕೊಟ್ಟಿದ್ದಾರೆ. ಸಿಕ್ಕಿದ್ದು ಸ್ವೀಕೃತಿಯ ಮೊಹರು ಮಾತ್ರ. ಒಂದೇ ವಿಧಾನದಲ್ಲಿ ಮಾಡಿದ ಲೆಕ್ಕ ಸಾಕ್ಷಿಯಾಗದು ಎಂದು ಯಾರೋ ಬಾಯಿಮಾತಿಗೆ ಹೇಳಿದರಂತೆ. ಅದಕ್ಕೇ ಈಗ ಬೇರೆ ವಿಧಾನದಲ್ಲಿ, ಮೊದಲಿನಿಂದ ಓಡಿಸುತ್ತಿದ್ದಾರೆ. ಮುಂದಿನ ತಿಂಗಳಿಗೆ ಅವರ ಗುತ್ತಿಗೆಯೂ ಮುಗಿಯುತ್ತದೆ.

ನಿಮ್ಮ ಹೆಸರು ಎಲ್ಲಾದರೂ ಬರಬೇಕೆಂದು ಅನಿಸುವುದಿಲ್ಲವೇ? ಕೇಳಿದರೆ ಶಾಲು ಸರಿಮಾಡಿಕೊಳ್ಳುತ್ತಾರೆ.

“ನನ್ನ ಹೆಸರು ಎಲ್ಲೂ ಹಾಕೋದು ಬೇಡ. ನಾನು ಇಲ್ಲಿಂದ ಹೋಗೋದ್ರೊಳಗೆ ಆ ವರದಿಯಿಂದ ಒಲೆಯಣ್ಣನ ಮೇಲಿನ ಸಾಲು ತೆಗೆದ್ರೆ ಸಾಕು.”