ಗುಮ್ಮಟದ ಮೇಲಿನ ದೃಷ್ಟಿಬೊಟ್ಟು

ಬನಹಟ್ಟಿಯ ನಮ್ಮ ಮನೆಯ ಮಾಳಿಗೆಯ ಮೇಲೆ ಒಂದು ಕ್ಯಾಮೆರಾ ಇದೆ. ಗಾಜಿನ ಗುಮ್ಮಟದೊಳಗೆ ಅಂಗಾತ ಮಲಗಿ ಇಡೀ ಆಕಾಶವನ್ನು ನೋಡುವುದೇ ಅದರ ಕೆಲಸ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನನಗೆ, ಆಯುಷ್ಯ ಮುಗಿದ ಉಪಗ್ರಹಗಳು ಉರಿಯುತ್ತ ಬೀಳುವುದನ್ನು ಹಿಡಿಯುವ ಹುಚ್ಚು. ಎರಡು ವರ್ಷದಲ್ಲಿ ಹಿಡಿದದ್ದು ಮಿಂಚು, ಬಾವಲಿ ಮತ್ತು ಪಕ್ಕದ ಮನೆಯ ಮದುವೆಯ ಪಟಾಕಿ.

ಓಣಿಯವರೆಲ್ಲ ಕತ್ತೆತ್ತಿ ಅದನ್ನೇ ನೋಡತೊಡಗಿದಾಗ ಅತ್ತೆಗೆ ಚಿಂತೆಯಾಯಿತು. "ಇಷ್ಟ ಮಂದಿ ಕಣ್ಣ ಬಿದ್ದರ ಹೆಂಗ ಬಾಳ್ತೈತಿ ಅದು?" ಎಂದು ಗುಮ್ಮಟದ ನಟ್ಟನಡುವೆ ಕಾಡಿಗೆಯ ಬೊಟ್ಟಿಟ್ಟರು. ನಾನು ಒರೆಸಿದೆ. ಮರುದಿನ ಮತ್ತೆ ಇಟ್ಟರು. ಆಕಾಶಕ್ಕೇ ಬೊಟ್ಟಿಟ್ಟಂತಿದ್ದ ಆ ಚಿತ್ರಗಳನ್ನು ನೋಡಿ ನನ್ನ ಪಿತ್ತ ನೆತ್ತಿಗೇರುತ್ತಿತ್ತು.

ಆಮೇಲೆ ಅತ್ತೆಯ ಕಣ್ಣಿನ ಪೊರೆಯ ಆಪರೇಶನ್ ಆಯಿತು. ಎಲ್ಲ ಸರಿಯಾಗಿದೆ ಎಂದು ಡಾಕ್ಟರು ಹೇಳಿದರೂ ನನ್ನ ಗಂಡ ತಾಯಿಯನ್ನು ಮೆಟ್ಟಿಲು ಹತ್ತಲು ಬಿಡಲಿಲ್ಲ. ಅತ್ತೆಯ ಸಂಡಿಗೆ, ಮೆಣಸಿನಕಾಯಿ, ಆಚೆ ಮನೆಯಾಕೆಯ ಜೊತೆ ಮಾತು ಎಲ್ಲ ಇರುವುದೇ ಮಾಳಿಗೆಯ ಮೇಲೆ. ಪಾಪ ಅನಿಸಿತು. ಬೊಟ್ಟಿನ ಕಾಟ ತಪ್ಪಿತೆಂದು ಖುಷಿಯೂ ಆಯಿತು, ಸುಳ್ಳೇಕೆ ಹೇಳಲಿ.

ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಅಂಗಳದಲ್ಲಿ ಕೂತಿದ್ದ ಅತ್ತೆ ಒಳಗೆ ಬಂದರು.

"ಮ್ಯಾಲೆ ಒಂದು ಬೆಂಕಿ ಹೊಂಟಿತ್ತು, ಸಾವಕಾಶ. ಒಡದು ಏಳ ತುಂಡಾತು."

ಗಂಡ ನಕ್ಕರು. "ಕಣ್ಣಾಗ ನೀರಾಡಿರಬೇಕು ಯವ್ವಾ. ಇದಕ್ಕ ಮೆಟ್ಟಲಾ ಹತ್ತಬ್ಯಾಡ ಅಂದದ್ದು."

"ಹಂಗಾರ ಕ್ಯಾಮೆರಾದಾಗ ನೋಡ್ರಿ. ಏಳು ಇದ್ದರ ನಾಳಿಂದ ನಾ ಮ್ಯಾಲೆ ಹತ್ತಾಕಿ."

ಗಂಡ ಒಪ್ಪಿದರು.

ಮೂವರೂ ಕಂಪ್ಯೂಟರಿನ ಮುಂದೆ ಕೂತೆವು. ಉಲ್ಕೆಯಾದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯ. ಇದು ಕಬ್ಬು ತುಂಬಿದ ಟ್ರ್ಯಾಕ್ಟರಿನಂತೆ ನಿಧಾನವಾಗಿ ಬಂತು. ಉಪಗ್ರಹವೇ ಇರಬೇಕು. ಎರಡು ವರ್ಷ ಕಾದದ್ದಕ್ಕೆ ಸಿಕ್ಕಿತಲ್ಲ ಎಂದು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡೆ. ನಡು ಆಕಾಶಕ್ಕೆ ಬಂದು, ಸರಿಯಾಗಿ ಒಡೆಯುವ ಹೊತ್ತಿಗೆ, ಅದು ಒಂದು ಕರಿಬೊಟ್ಟಿನ ಹಿಂದೆ ಹೋಯಿತು. ಆಚೆ ಬಂದಾಗ ತುಂಡುಗಳು. ಎಣಿಸಿದೆವು. ಏಳು.

ಗಂಡ ತುಂಡುಗಳನ್ನು ಬಿಟ್ಟು ಬೊಟ್ಟನ್ನೇ ನೋಡುತ್ತಿದ್ದರು. "ಇದನ್ನ ಯಾವಾಗ ಇಟ್ಟಿ ಯವ್ವಾ?"

"ಇವತ್ತ ಮಧ್ಯಾಹ್ನ. ನೀವಿಬ್ಬರೂ ಕೆಲಸಕ್ಕ ಹೋದಮ್ಯಾಲೆ." ಅತ್ತೆ ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. "ನಟ್ಟನಡಕ್ಕ ಐತಿಲ್ಲೋ ನೋಡು. ಕಣ್ಣ ಕಾಣದಾಕಿ ಇಟ್ಟಂಗ ಐತೇನು?"