ಕರಿ ಗಾಜಿನಲ್ಲಿ ಮಾಯವಾದ ಯಲ್ಲವ್ವ

ನಮ್ಮ ಮನೆಯ ಬಟ್ಟೆ ಒಗೆಯುವ ಯಲ್ಲವ್ವ ಮಾಯವಾಗಿದ್ದಾಳೆ. ಸತ್ತಿಲ್ಲ, ಊರು ಬಿಟ್ಟಿಲ್ಲ. ಇಂದು ಬೆಳಿಗ್ಗೆ ಕೂಡ ನಮ್ಮ ಹಿತ್ತಲ ಬಾಗಿಲಲ್ಲಿ ಕೂತು ಚಹಾ ಕುಡಿದು ಹೋದಳು. ಆದರೂ ಮಾಯವಾಗಿದ್ದಾಳೆ. ಮಟಮಟ ಮಧ್ಯಾಹ್ನ, ಓಣಿಯವರೆಲ್ಲ ನೋಡುತ್ತಿರುವಾಗ, ಅವಳನ್ನು ಮಾಯ ಮಾಡಿದವರು ನನ್ನ ಯಜಮಾನರು.

(ಮಾಟವೇ, ಮಂತ್ರವೇ ಎಂದು ಕೇಳಬೇಡಿ. ಅವರು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರರು.)

ಈ ಅಂಕಣ ಓದುವವರಿಗೆ ನಮ್ಮ ಮನೆಯವರ ಕ್ಯಾಮೆರಾದ ಹುಚ್ಚು ಹೊಸದಲ್ಲ. ದೀಪಾವಳಿಯ ದಿನ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಫಿಲ್ಮು ತೊಳೆಯುತ್ತ ಕೂತು, ಎಣ್ಣೆ ಹಚ್ಚಿಕೊಂಡ ಬೀಗರನ್ನು ಪಡಸಾಲೆಯಲ್ಲಿ ಕಾಯಿಸಿದ ಕಥೆಯನ್ನು ನಾನೇ ಬರೆದಿದ್ದೆ. ಆ ಬೀಗರು ಇನ್ನೂ ಮಾತು ಬಿಟ್ಟಿದ್ದಾರೆ.

ಈ ವರ್ಷದ ಹೊಸ ಹುಚ್ಚು ಕರಿ ಗಾಜು. ಲೈಬ್ರರಿಯಲ್ಲಿ ಯಾವುದೋ ವಿಲಾಯತಿ ಫೋಟೋ ಪತ್ರಿಕೆ ನೋಡಿ ಬಂದವರೇ ಊಟದ ತಾಟಿನ ಮುಂದೆ ಪಾಠ ಸುರು ಮಾಡಿದರು. ಕ್ಯಾಮೆರಾದ ಕಣ್ಣಿಗೆ ಕಪ್ಪನೆಯ ಫಿಲ್ಟರ್ ಹಾಕಬೇಕಂತೆ. ಆಗ ಎಂಥ ಉರಿಬಿಸಿಲಲ್ಲೂ ಬೆಳಕು ಸೋರುವ ನಳದ ಹಾಗೆ ಹನಿಹನಿಯಾಗಿ ಒಳಗೆ ಬೀಳುತ್ತದಂತೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಫೋಟೋಕ್ಕೆ ಬೇಳೆ ಕುದಿಯುವಷ್ಟು ಹೊತ್ತು ಬೇಕಂತೆ. ಅಷ್ಟು ಹೊತ್ತಿನಲ್ಲಿ ಅಲೆಯೆಲ್ಲ ಅಳಿಸಿ ನೀರು ಹಾಲಿನಂತಾಗುತ್ತದೆ, ಓಡುವ ಮೋಡ ಹಿಂಜಿದ ಅರಳೆಯಂತಾಗುತ್ತದೆ.

"ಮತ್ತ ಮನಷ್ಯಾರು?" ಎಂದೆ.

"ಅಲುಗಾಡದವರು ಉಳೀತಾರ. ಅಲುಗಾಡಿದವರು ಹೋಗ್ತಾರ," ಎಂದರು, ಅನ್ನಕ್ಕೆ ಹುಳಿ ಕಲೆಸುತ್ತ.

ಆ ಫಿಲ್ಟರ್ ಮುಂಬಯಿಯಲ್ಲಿ ವಿಚಾರಿಸಿದರೂ ಸಿಗಲಿಲ್ಲ. ಕಡೆಗೆ ಹುಬ್ಬಳ್ಳಿಗೆ ಹೋಗಿ, ಲಾರಿ ರಿಪೇರಿ ಮಾಡುವ ರಾಜೇಸಾಬರಿಂದ ಒಂದು ಗಾಜಿನ ತುಂಡು ತಂದರು. ವೆಲ್ಡಿಂಗ್ ಮಾಡುವಾಗ ಕಣ್ಣಿಗೆ ಹಿಡಿಯುತ್ತಾರಲ್ಲ, ಅದು. ರಾಜೇಸಾಬರು ನಕ್ಕರಂತೆ. "ಮಾಸ್ತರ, ಇದರಾಗ ಸೂರ್ಯಾನೂ ಬೆಳ್ಳಿ ರೂಪಾಯಿ ಹಂಗ ಕಾಣತಾನ್ರಿ. ಗಿಡಾ ಗುಡ್ಡಾ ಏನ್ ಕಂಡಾವ್ರಿ?" ನಮ್ಮವರು ಕೇಳಬೇಕಲ್ಲ. ನನ್ನ ಪೌಡರ್ ಡಬ್ಬಿಯ ಮುಚ್ಚಳ ಕೊರೆದು ಅದರಲ್ಲಿ ಗಾಜು ಕೂಡಿಸಿದರು. (ಡಬ್ಬಿಯಲ್ಲಿ ಪೌಡರ್ ಇತ್ತು. ಅದನ್ನು ಎಲ್ಲಿ ಸುರಿದರೆಂದು ಈವರೆಗೂ ಬಾಯಿ ಬಿಟ್ಟಿಲ್ಲ.)

ಮೊದಲ ಪರೀಕ್ಷೆ ಮಂಗಳವಾರದ ಸಂತೆಯ ಮೇಲೆ ನಡೆಯಿತು. ಪರಿಚಯದವರ ಮಾಳಿಗೆ ಹತ್ತಿ, ಕ್ಯಾಮೆರಾ ಸ್ಟ್ಯಾಂಡಿಗೆ ಕಲ್ಲು ಕಟ್ಟಿ, ನನ್ನ ಕೈಯಲ್ಲಿ ಕೊಡೆ ಹಿಡಿಸಿ ಸಂತೆಯ ಫೋಟೋ ತೆಗೆದರು. ಅದನ್ನು ತೊಳೆದು ನೋಡಿದೆವು. ಸಂತೆಯಲ್ಲಿ ಒಂದು ನರಪಿಳ್ಳೆ ಇಲ್ಲ! ಬುಟ್ಟಿ ಹೊತ್ತವರು, ಬದನೆಕಾಯಿ ಆರಿಸುವವರು, ತೂಕಕ್ಕಾಗಿ ಜಗಳಾಡುವವರು, ಎಲ್ಲರೂ ಮಾಯ. ಉಳಿದದ್ದು ಯಾರು? ಅಂಗಡಿಯ ಕಟ್ಟೆಯ ಮೇಲೆ ಲೋಡಿಗೆ ಆತು ನಿದ್ದೆ ಹೊಡೆಯುತ್ತಿದ್ದ ಒಬ್ಬ ಸಾಹುಕಾರರು. ಅವರ ಮೀಸೆ ಕೂಡ ಸ್ಪಷ್ಟ.

ಆ ದಿನ ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಇದೇ ಗಾಜಿನಿಂದ ನಮ್ಮ ಮನೆಯ ಫೋಟೋ ತೆಗೆದರೆ ಏನು ಬಂದೀತು ಎಂದು ನಾನು ಯೋಚಿಸಿದೆ. ಒಲೆ ಬರುತ್ತದೆ, ಬೀಸುವ ಕಲ್ಲು ಬರುತ್ತದೆ, ಆರಾಮ ಕುರ್ಚಿಯಲ್ಲಿ ಪೇಪರ್ ಹಿಡಿದು ಕೂತ ಯಜಮಾನರು ಲಕ್ಷಣವಾಗಿ ಬರುತ್ತಾರೆ. ನಾನು ಮಾತ್ರ ಇರುವುದಿಲ್ಲ. ಇದನ್ನು ಹೇಳಿದ್ದಕ್ಕೆ ಅವರು ಇನ್ನೂ ಜೋರಾಗಿ ನಕ್ಕರು. ಆಗಲೇ ನನಗೆ ಬುದ್ಧಿ ಬರಬೇಕಿತ್ತು.

ಈಗ ಕೆರೆಯ ವಿಷಯ. ನಮ್ಮ ಓಣಿಯ ಬೆನ್ನಿಗೆ ಒಂದು ಕೆರೆಯಿದೆ. (ಇತ್ತು ಎಂದು ಬರೆಯಲು ಕೈ ಇನ್ನೂ ಒಪ್ಪುತ್ತಿಲ್ಲ.) ದೊಡ್ಡದೇನಲ್ಲ. ಎಮ್ಮೆ ಮೈ ತೊಳೆಯಲು, ಬಟ್ಟೆ ಒಗೆಯಲು ಸಾಕು. ದಂಡೆಯ ಉದ್ದಕ್ಕೂ ಒಗೆಯುವ ಕಲ್ಲುಗಳು. ನೋಡಿದರೆ ಎಲ್ಲ ಒಂದೇ ತರಹ, ಆದರೆ ಒಂದೊಂದಕ್ಕೂ ಮನೆತನವಿದೆ. ಮಡಿವಾಳರ ಮನೆಗೆ ಸೊಸೆ ಬಂದ ವಾರದಲ್ಲಿ ಅತ್ತೆ ಅವಳನ್ನು ಕೆರೆಗೆ ಕರೆದುಕೊಂಡು ಹೋಗುತ್ತಾಳೆ. ಕಲ್ಲು ತೊಳೆದು, ಅರಿಷಿಣ ಕುಂಕುಮ ಹಚ್ಚಿ, "ಇನ್ನ ಇದು ನಿಂದವಾ," ಎನ್ನುತ್ತಾಳೆ. ಅಲ್ಲಿಂದ ಮುಂದೆ ಆ ಕಲ್ಲಿನ ಮೇಲೆ ಬೇರೆ ಯಾರೂ ಒಂದು ಕರವಸ್ತ್ರವನ್ನೂ ಒಗೆಯುವುದಿಲ್ಲ. ಯಲ್ಲವ್ವನಿಗೆ ಅತ್ತೆಯ ಮನೆಯಿಂದ ಬಂದ ಬಂಗಾರ, ಬೆಳ್ಳಿ, ಹೊಲ, ಮನೆ ಎಲ್ಲವೂ ಆ ಕಲ್ಲೇ. ಗಂಡ ತೀರಿಕೊಂಡ ಮೇಲೆ ಅದರ ಮೇಲೇ ಮೂರು ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದ್ದಾಳೆ.

ಅಂಥ ಕೆರೆಯನ್ನು ಮುಚ್ಚಿ ಬಸ್ಸು ನಿಲ್ಲಿಸುವ ಜಾಗ ಮಾಡುತ್ತಾರೆಂಬ ಸುದ್ದಿ ಬಂತು. ರಾಯಾಪುರದ ಕಡೆ ರಸ್ತೆ ಅಗಲವಾಗುತ್ತದಂತೆ, ಲಕಮನಹಳ್ಳಿಯ ಕಡೆ ಕಾರ್ಖಾನೆಗಳು ಬರುತ್ತವಂತೆ, ಊರು ಬೆಳೆಯುತ್ತದಂತೆ. ಬೆಳೆಯಲಿ, ಯಾರು ಬೇಡ ಎಂದರು? ಊರು ಬೆಳೆಯುವಾಗ ಮೊದಲು ತುಳಿಯುವುದು ಬಟ್ಟೆ ಒಗೆಯುವವರನ್ನೇ ಏಕೆ?

ಓಣಿಯ ಹಿರಿಯರಾದ ದೇಸಾಯಿ ವಕೀಲರ ಪಡಸಾಲೆಯಲ್ಲಿ ಸಭೆ ಸೇರಿತು. ಸಾಹೇಬರನ್ನು ಕಂಡು ಮನವಿ ಮಾಡುವುದೆಂದು ಠರಾಯಿತು. (ಯಾವ ಕಚೇರಿ, ಯಾವ ಸಾಹೇಬರು ಎಂದು ಕೇಳಬೇಡಿ. ನನಗೂ ಸಂಸಾರವಿದೆ.)

"ಬರೇ ಬಾಯಿಲೆ ಹೇಳಿದ್ರ ಆಗೂದಿಲ್ಲ," ಎಂದರು ವಕೀಲರು. "ಸಾಹೇಬರು ಭಾಳ ರಸಿಕರು. ಮನಿ ಮುಂದ ಗುಲಾಬಿ ಬೆಳಸ್ಯಾರ. ಕೆರೀದು ಒಂದು ಚಂದನ್ನ ಫೋಟೋ ಅವರ ಟೇಬಲ್ ಮ್ಯಾಲೆ ಇಟ್ಟರ ಮುಚ್ಚಲಿಕ್ಕೆ ಅವರಿಗೆ ಮನಸ್ಸು ಬರೂದಿಲ್ಲ."

ಎಲ್ಲರ ಕಣ್ಣು ನಮ್ಮವರ ಮೇಲೆ. ನಮ್ಮವರ ಕಣ್ಣಲ್ಲಿ ಆಗಲೇ ಕರಿ ಗಾಜು. ಚಂದ ಇದ್ದದ್ದನ್ನು ಯಾರೂ ಕೆಡಿಸುವುದಿಲ್ಲ ಎಂದು ಅವರು ನಂಬಿದ್ದರು. ಪಡಸಾಲೆ ತುಂಬ ಕೂತಿದ್ದ ಓದು ಬಲ್ಲವರೆಲ್ಲ ಅದನ್ನೇ ನಂಬಿದ್ದೆವು. ಎಷ್ಟು ದೊಡ್ಡ ದಡ್ಡತನ!

ಫೋಟೋದ ದಿನ ಚೆನ್ನಾಗಿ ಗಾಳಿ ಬೀಸುತ್ತಿತ್ತು. ಆಕಾಶದ ತುಂಬ ಮೋಡದ ಓಡಾಟ. ಮಡಿವಾಳರ ಹೆಂಗಸರು ಹಬ್ಬಕ್ಕೆ ಹೊರಟವರಂತೆ ಬಂದಿದ್ದರು. ಯಲ್ಲವ್ವ ಪೆಟ್ಟಿಗೆಯಲ್ಲಿಟ್ಟಿದ್ದ ಇಳಕಲ್ಲ ಸೀರೆ ಉಟ್ಟು, ತಲೆ ಬಾಚಿಕೊಂಡು, ನಮ್ಮ ಮನೆಯ ಚಾದರಗಳ ಗಂಟು ಹೊತ್ತು ಬಂದಳು.

"ಬಾಯಾರ, ನನ್ನ ಮಾರಿ ಬರತೈತಲ್ರಿ? ಸಾಯೇಬ್ರು ನೋಡಿದ್ರ ಗುರ್ತಾ ಹಿಡಿಬೇಕ್ರಿ," ಎಂದಳು.

"ಬರ್ತದ ತಗೋ," ಎಂದೆ.

ಕ್ಯಾಮೆರಾ ಕಂಡೊಡನೆ ಎಲ್ಲರೂ ನಮ್ಮ ಕಡೆಯ ರೂಢಿಯಂತೆ ಕೈ ಕೆಳಗೆ ಬಿಟ್ಟು, ಉಸಿರು ಬಿಗಿಹಿಡಿದು, ಕಂಬದ ಹಾಗೆ ನಿಂತರು. ಹಾಗೇ ನಿಂತುಬಿಟ್ಟಿದ್ದರೆ! ಆದರೆ ವಕೀಲರು ಕೊಡೆ ಬೀಸುತ್ತ ಓಡಿ ಬಂದರು. "ಏ, ಹಂಗ ನಿಂದರಬ್ಯಾಡ್ರವಾ! ಕೆಲಸಾ ಮಾಡ್ರಿ, ಕೆಲಸಾ! ಈ ಕೆರೀ ಮ್ಯಾಲೆ ಎಷ್ಟು ಮಂದಿ ದುಡೀತಾರ ಅಂತ ಸಾಹೇಬರಿಗೆ ಕಾಣಬೇಕು."

ಅವರ ಮಾತೂ ತಪ್ಪಲ್ಲ. ನಮ್ಮವರು ಅದನ್ನು ಕೇಳಿಸಿಕೊಂಡರೋ ಇಲ್ಲವೋ, ಕರಿ ಬಟ್ಟೆಯೊಳಗೆ ತಲೆ ತೂರಿಸಿ ನೀರಿನ ಅಂದ ನೋಡುತ್ತಿದ್ದರು. ಬೆಳಕಿನ ಅಂದಾಜಿಗೆಂದು ಕರಿ ಗಾಜು ಹಾಕದೆ ಒಂದು ಸಾದಾ ಫೋಟೋ ಟಕ್ಕನೆ ತೆಗೆದರು. ಆಮೇಲೆ ಪೌಡರ್ ಡಬ್ಬಿಯ ಮುಚ್ಚಳ ಸಿಕ್ಕಿಸಿ, ಕ್ಯಾಮೆರಾದ ಬಾಯಿ ತೆರೆದು, ಗಡಿಯಾರ ಹಿಡಿದು ನಿಂತರು.

ಹೆಂಗಸರು ದುಡಿದರು. ಅಯ್ಯೋ, ಹೇಗೆ ದುಡಿದರು! ಯಲ್ಲವ್ವ ನಮ್ಮ ಚಾದರಗಳನ್ನು ಹಿಂದೆಂದೂ ಹಾಗೆ ಒಗೆದಿರಲಿಲ್ಲ. ಎತ್ತಿ ಎತ್ತಿ ಬಡಿದಳು, ಹಿಂಡಿದಳು, ಜಾಡಿಸಿದಳು, ಮತ್ತೆ ಬಡಿದಳು. ಇಳಕಲ್ಲ ಸೀರೆ ಪೂರ್ತಿ ತೊಯ್ದು ಹೋಯಿತು. ನಡುವೆ ಒಮ್ಮೆಯೂ ಬೆನ್ನು ನೆಟ್ಟಗೆ ಮಾಡಲಿಲ್ಲ. ಕೆಲಸ ಕಾಣಲೆಂದು ಅವಳು ಕೈ ಜೋರು ಮಾಡಿದಷ್ಟೂ ಫಿಲ್ಮಿನಿಂದ ಅಳಿಸಿ ಹೋಗುತ್ತಿದ್ದಳು.

ಸಂಜೆ ಬಚ್ಚಲುಮನೆಯ ಕೆಂಪು ದೀಪದಲ್ಲಿ ಆ ಚಿತ್ರ ಮೂಡಿದಾಗ ನಾನೂ ಬಗ್ಗಿ ನೋಡಿದೆ. ಅದು ನಮ್ಮ ಕೆರೆಯೇ? ನೀರು ಕೆನೆಗಟ್ಟಿದ ಹಾಲಿನಂತಿತ್ತು. ಸಾಬೂನಿನ ನೊರೆಯೆಲ್ಲ ಬೆಳಗಿನ ಮಂಜಾಗಿತ್ತು. ಅದರ ನಡುವೆ ಕಪ್ಪು ಕಲ್ಲುಗಳು ತಣ್ಣಗೆ ಕೂತಿದ್ದವು.

"ಯಲ್ಲವ್ವ ಎಲ್ಲಿ?" ಎಂದೆ.

"ಈ ಕಲ್ಲಿನ ಮ್ಯಾಲೆ ಸ್ವಲ್ಪ ಮಸುಕ ಅದ ನೋಡು. ಅದೇ ಆಕಿ."

"ಇದು ಆಕೀನ? ಬೆರಳಿನ ಕಲೆ ಬಿದ್ದಂಗ ಕಾಣ್ತದ."

"ಫೋಟೋ ಹೆಂಗ ಬಂದದ, ಅದನ್ನ ಹೇಳು."

ಚೆನ್ನಾಗಿ ಬಂದಿತ್ತು. ಸುಳ್ಳು ಹೇಳಲಾರೆ. ವಕೀಲರಂತೂ ಕುಣಿದಾಡಿದರು. ನಾನು ಆ ಸಾದಾ ಫೋಟೋವನ್ನೂ ಮುಂದಿಟ್ಟೆ. ಅದರಲ್ಲಿ ಯಲ್ಲವ್ವ ಇದ್ದಳು, ಬಾಯಿ ತೆರೆದು ಪಕ್ಕದವಳಿಗೆ ಏನೋ ಹೇಳುತ್ತಿದ್ದಳು. ನೊರೆ, ರಾಡಿ, ಒದ್ದೆ ಬಟ್ಟೆಯ ಗುಡ್ಡೆ, ಎಲ್ಲವೂ ಇತ್ತು. ವಕೀಲರು ಮುಖ ಸಿಂಡರಿಸಿದರು. "ಛೇ ಛೇ, ಇದನ್ನ ಸಾಹೇಬರ ಮುಂದ ಇಡಲಿಕ್ಕೆ ಬರ್ತದೇನು? ಎಮ್ಮಿ ಕುಂಡಿ ಕಾಣ್ತದ!"

ಚಂದದ ಫೋಟೋವನ್ನೇ ದೊಡ್ಡದು ಮಾಡಿಸಿಕೊಂಡು ಕಚೇರಿಗೆ ಹೋದೆವು. ನಾನೂ ಹೋಗಿದ್ದೆ. ಯಲ್ಲವ್ವ ಮತ್ತು ಇತರ ಹೆಂಗಸರು ಬಾಗಿಲ ಹತ್ತಿರ ನಿಂತರು.

ಸಾಹೇಬರು ಚಷ್ಮಾ ಹಾಕಿಕೊಂಡು ನೋಡಿದರು. "ವಾಹ್!" ಎಂದರು. ವಕೀಲರು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ಸಾಹೇಬರು ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ಮತ್ತೆ ನೋಡಿದರು.

"ಅಲ್ರೀ ವಕೀಲರ, ಇದು ಯಾವ ಹೊತ್ತಿನ್ಯಾಗ ತಗದದ್ರಿ?"

"ಮಧ್ಯಾಹ್ನರೀ, ಸಾಹೇಬರ."

"ಓಣಿ ಮಂದಿಯೆಲ್ಲ ಈ ಕೆರೀ ಮ್ಯಾಲೆ ಹೊಟ್ಟಿ ಹೊರಕೋತಾರ ಅಂತೀರಿ. ಮಟಮಟ ಮಧ್ಯಾಹ್ನ ಒಂದು ನರಪಿಳ್ಳಿ ಇಲ್ಲಲ್ರಿ ಇಲ್ಲೆ?"

ನಮ್ಮವರು ಟೇಬಲ್ ಹತ್ತಿರ ಸರಿದರು. ಕರಿ ಗಾಜು, ಬೆಳಕು, ಎಕ್ಸ್‌ಪೋಜರ್ ಎಂದು ತೊದಲುತ್ತ ವಿವರಿಸಿದರು. ಎಲ್ಲರೂ ಅಲ್ಲೇ ಇದ್ದರು, ಅಲುಗಾಡುತ್ತಿದ್ದುದರಿಂದ ಮೂಡಲಿಲ್ಲ ಎಂದರು. ಖರೇ ಮಾತು. ಆದರೆ ಆ ಕೋಣೆಯಲ್ಲಿ ಅದು ನನ್ನ ಕಿವಿಗೇ ಸುಳ್ಳಿನ ಹಾಗೆ ಕೇಳಿಸಿತು.

"ಮಾಸ್ತರ, ನಿಮ್ಮ ವಿಜ್ಞಾನ ಸಾಲ್ಯಾಗ ಇರಲಿ," ಎಂದು ಸಾಹೇಬರು ನಕ್ಕರು. "ಫೋಟೋ ಎಲ್ಲ್ಯಾರ ಸುಳ್ಳು ಹೇಳ್ತದೇನ್ರಿ?"

ಆಗ ಬಾಗಿಲಿನಿಂದ ಯಲ್ಲವ್ವ ಮಾತಾಡಿದಳು. "ಸಾಯೇಬ್ರ, ನಾ ಇಲ್ಲೇ ನಿಂತೇನಲ್ರಿ. ನನ್ನ ನೋಡ್ರೆಲ."

ಸಾಹೇಬರು ತಲೆಯೆತ್ತಲಿಲ್ಲ. "ತಡೀ ಅವ್ವಾ, ಫೋಟೋ ನೋಡ್ಲಿಕ್ಕತ್ತೇನಿ," ಎಂದರು.

ಲಾರಿಗಳು ಬಂದು ಮಣ್ಣು ಸುರಿಯುತ್ತಿವೆ. ನಾನು ಇದನ್ನು ಬರೆಯುವಾಗಲೂ ಆ ಸದ್ದು ಕೇಳುತ್ತಿದೆ. ಮೊದಲು ಮುಚ್ಚಿದ್ದು ದಂಡೆಯನ್ನೇ. ಯಲ್ಲವ್ವ ಮಕ್ಕಳನ್ನು ಕರೆದುಕೊಂಡು ಹೋಗಿ ಹಾರೆ ಹಾಕಿ ತನ್ನ ಕಲ್ಲು ಎಬ್ಬಿಸಲು ನೋಡಿದಳು. ಕದಲಲಿಲ್ಲ. ಈಗ ಅದರ ಮೇಲೆ ಆಳೆತ್ತರದ ಮಣ್ಣಿದೆ.

ಉಪ್ಪಿನಬೆಟಗೇರಿಯ ದಾರಿಯಲ್ಲಿ ಇನ್ನೊಂದು ಕೆರೆಯಿದೆಯಲ್ಲ, ಅಲ್ಲಿಗೆ ಹೋಗಲಿ ಎನ್ನುತ್ತೀರಾ? ಹೋಗುತ್ತಾಳೆ. ಗಂಟು ಹೊತ್ತು ನಡೆದುಕೊಂಡೇ ಹೋಗುತ್ತಾಳೆ. ಆದರೆ ಅಲ್ಲಿಯ ಕಲ್ಲುಗಳಿಗೂ ಅತ್ತೆ ಸೊಸೆಯರಿದ್ದಾರೆ. ಅವರದೆಲ್ಲ ಮುಗಿಯುವವರೆಗೆ ಇವಳು ದಂಡೆಯ ಮೇಲೆ ಕೈಕಟ್ಟಿ ಕೂತಿರಬೇಕು. ಅಷ್ಟರಲ್ಲಿ ಬಿಸಿಲು ಇಳಿದಿರುತ್ತದೆ. ಬಟ್ಟೆ ಒಣಗುವುದಿಲ್ಲ. ಒಂದೊಂದೇ ಮನೆಯವರು ಬೇರೆಯವರನ್ನು ಗೊತ್ತುಮಾಡಿಕೊಳ್ಳುತ್ತಿದ್ದಾರೆ. ಇಂದು ಬೆಳಿಗ್ಗೆ ಚಹಾ ಕುಡಿಯುತ್ತ, "ಸಣ್ಣ ಸೊಸಿ ಬಂದ್ರ ಏನ್ ತೋರಸ್ಲಿ ಬಾಯಾರ?" ಎಂದಳು. ನಾನು ಇನ್ನೊಂದು ಬಟ್ಟಲು ಚಹಾ ಬಗ್ಗಿಸಿದೆ. ನಮ್ಮಂಥವರಿಗೆ ಬರುವುದು ಅಷ್ಟೇ.

ನಮ್ಮವರು ಕರಿ ಗಾಜನ್ನು ರಾಜೇಸಾಬರಿಗೆ ಕೊಟ್ಟು ಬಂದರು. ಕ್ಯಾಮೆರಾ ಅಟ್ಟ ಸೇರಿದೆ. ಆರಾಮ ಕುರ್ಚಿಯಲ್ಲಿ ಕೂತವರು ಪೇಪರನ್ನೂ ಓದುವುದಿಲ್ಲ. ಬಯ್ಯಬೇಕೆಂದು ಹೋಗುತ್ತೇನೆ, ಮುಖ ನೋಡಿ ತಿರುಗಿ ಬರುತ್ತೇನೆ.

ಮೊನ್ನೆ ಸಾಹೇಬರ ಜವಾನ ಮನೆಗೆ ಬಂದ. ಆ ಕೆರೆಯ ಫೋಟೋ ಸಾಹೇಬರಿಗೆ ಬಹಳ ಮನಸ್ಸಿಗೆ ಬಂದಿದೆಯಂತೆ, ಅವರ ಬಂಗಲೆಯ ಗೋಡೆಗೂ ಒಂದು ಪ್ರತಿ ಬೇಕಂತೆ. ನಮ್ಮವರು ಆ ಸಾದಾ ಫೋಟೋವನ್ನು ಲಕೋಟೆಯಲ್ಲಿಟ್ಟು ಕೊಟ್ಟರು. ಯಲ್ಲವ್ವ, ನೊರೆ, ಎಮ್ಮೆ ಎಲ್ಲ ಇರುವುದನ್ನು. ಈಗಲಾದರೂ ನೋಡುತ್ತಾರೇನೋ ಎಂದು ನನಗೂ ಒಂದು ಗಳಿಗೆ ಅನ್ನಿಸಿತು.

ಸಂಜೆಯೊಳಗೆ ಲಕೋಟೆ ತಿರುಗಿ ಬಂತು.

"ಇದಲ್ಲಂತ್ರಿ ಮಾಸ್ತರ," ಎಂದ ಜವಾನ. "ಯಾರೂ ಇಲ್ಲದ್ದು ಬೇಕಂತ್ರಿ."

ಸಾಹೇಬರೇ, ಯಲ್ಲವ್ವ ಇನ್ನೆಷ್ಟು ಹೊತ್ತು ಅಲುಗಾಡದೆ ನಿಂತರೆ ನಿಮ್ಮ ಕಣ್ಣಿಗೆ ಬೀಳುತ್ತಾಳೆ?