ಹಸಿರು ಶೀರ್ಷಿಕೆಯ ಸಾಫ್ಟ್‌ವೇರ್

ಎರಡು ಸಾವಿರದ ಇಸವಿಯ ಆಚೀಚೆಯ ವರ್ಷಗಳಲ್ಲಿ ನಾನು ದಿನಾ ಬಸವಕಲ್ಯಾಣದಿಂದ ಬಸ್ಸು ಹಿಡಿದು ಹುಮನಾಬಾದಿನ ಕಾರ್ಖಾನೆಯೊಂದಕ್ಕೆ ಹೋಗುತ್ತಿದ್ದೆ. ಅಲ್ಲಿ ಬೇಳೆ ಮಿಲ್ಲಿನ ಯಂತ್ರಗಳಿಗೆ ಕೈಪಿಡಿ ಬರೆಯುವುದು ನನ್ನ ಕೆಲಸ. ಒಂದೊಂದು ಯಂತ್ರಕ್ಕೂ ಇಂಗ್ಲಿಷಿನದೊಂದು, ಕನ್ನಡದ್ದೊಂದು. ಒಂದು ಮಾತು ಬದಲಾದರೆ ಅಷ್ಟೂ ಕೈಪಿಡಿಗಳಲ್ಲಿ ಕೈಯಾರೆ ತಿದ್ದಬೇಕು. ಸ್ವಿಚ್ ಆರಿಸಿದ ಮೇಲೂ ಹೊಸ ರೋಲರ್ ಸ್ವಲ್ಪ ಹೊತ್ತು ತಿರುಗುತ್ತದೆ ಎಂಬ ಎಚ್ಚರಿಕೆಯನ್ನು ಇಂಗ್ಲಿಷಿನಲ್ಲಿ ಸೇರಿಸಿ, ಕನ್ನಡದಲ್ಲಿ ಮರೆತೆವು. ನಾರಾಯಣಪುರದ ಆಪರೇಟರ್ ಒಬ್ಬನ ಎರಡು ಬೆರಳು ಹೋದವು.

ಆಮೇಲೆ ಕಾರ್ಖಾನೆಯ ಸಾಹೇಬರಿಗೆ ಎಕ್ಸ್‌ಎಂಎಲ್ ನೆನಪಾಯಿತು. ಮಾತನ್ನು ಒಂದೇ ಕಡೆ ಬರೆದಿಟ್ಟು, ಎಲ್ಲ ಕೈಪಿಡಿಗಳಿಗೂ ಅಲ್ಲಿಂದಲೇ ಕಳಿಸುವ ಪದ್ಧತಿ ಅದು. ಕನ್ನಡ ಮತ್ತೆ ಹಿಂದೆ ಬೀಳದಿದ್ದರೆ ಸಾಕು ಎಂಬುದೊಂದೇ ನನ್ನ ಆಸೆ.

ಅದಕ್ಕೆ ಬೇಕಾದ ಎರಡು ಸಾಫ್ಟ್‌ವೇರ್‌ಗಳನ್ನು ತೋರಿಸಲು ಹೈದರಾಬಾದಿನಿಂದ ಮಾರುವವನೊಬ್ಬ ಬಂದ. ಚಪ್ಪಲಿ ಹೊರಗೆ ಬಿಟ್ಟು, ಭಯಭಕ್ತಿಯಿಂದ ಕಂಪ್ಯೂಟರ್ ಕೋಣೆಗೆ ಹೋಗುವ ಕಾಲ. ಸಹಿ ಬಿಟ್ಟರೆ ಏನೂ ಬರೆಯದ ಹಿರಿಯರೆಲ್ಲ ಮುಂದಿನ ಕುರ್ಚಿಗಳಲ್ಲಿ. ಬರೆಯುವ ನಾನು ಬಾಗಿಲ ಬಳಿ. ಮೊದಲನೆಯದು ನೋಡಲು ಸಪ್ಪೆ, ಆದರೆ ಕನ್ನಡ ಸರಿಯಾಗಿ ಮೂಡಿತು. ಎರಡನೆಯದರಲ್ಲಿ ಒಂದು ಗುಂಡಿ ಒತ್ತಿದರೆ ಶೀರ್ಷಿಕೆಗಳೆಲ್ಲ ಹಸಿರಾದವು. ಸಾಹೇಬರು ಅದನ್ನು ನಾಲ್ಕು ಸಲ ಒತ್ತಿಸಿದರು. ನಾನು ಹಟ ಹಿಡಿದು ಕನ್ನಡ ಹಾಕಿಸಿದಾಗ ಅಕ್ಷರಗಳ ಬದಲು ತೆರೆಯ ತುಂಬ ಖಾಲಿ ಚೌಕಗಳು.

"ಕನ್ನಡದ್ದು ಆಮ್ಯಾಲ ನೋಡೋಣ್ರಿ. ಹೆಡ್ಡಿಂಗ್ ಎಷ್ಟ್ ಚಂದ ಬರಾಕತ್ತಾವ ನೋಡ್ರಿ" ಎಂದರು ಸಾಹೇಬರು. ಉಳಿದವರು ಕೋಲೆ ಬಸವನಂತೆ ತಲೆಯಾಡಿಸಿದರು. ಇಂಥ ತಲೆಗಳಿಗೆ ಕುರ್ಚಿಯೇ ಹೆಚ್ಚು ಎಂದುಕೊಂಡೆ.

ಆದರೆ ಆ ಎರಡನೆಯದರ ಖರೀದಿಯ ಕಾಗದದಲ್ಲಿ ಬಳಸುವವನ ಸಹಿಯೂ ಬೇಕಿತ್ತು: ಪರೀಕ್ಷಿಸಿದ್ದೇನೆ, ಯೋಗ್ಯವಾಗಿದೆ. ಅವತ್ತು ನನಗೂ ಕುರ್ಚಿ ಕೊಟ್ಟರು, ಚಹಾ ತರಿಸಿದರು. ಕುಡಿದು ಸಹಿ ಹಾಕಿದೆ. ಅವರು ತಿಳಿಯದ ಮೂರ್ಖರು. ನಾನು ತಿಳಿದೂ ಹಾಕಿದೆ.

ವರ್ಷ ಕಳೆದರೂ ಕನ್ನಡದ ಹೊಸ ಕೈಪಿಡಿ ಬರಲಿಲ್ಲ. ಒಂದು ದಿನ ನಾರಾಯಣಪುರದ ಆ ಆಪರೇಟರೇ ಬಂದ. ಅದೇ ಯಂತ್ರದ ಮುಂದೆ ಈಗ ಅವನ ತಮ್ಮ ನಿಲ್ಲುತ್ತಾನಂತೆ, ಅವನಿಗೊಂದು ಪುಸ್ತಕ ಬೇಕಂತೆ. ನನ್ನ ಬಳಿ ಇದ್ದದ್ದು ಹಳೆಯದೇ. ಅದರ ಅಂಚಿನಲ್ಲಿ ರೋಲರಿನ ಆ ಒಂದು ಸಾಲನ್ನು ಪೆನ್ನಿನಿಂದ ಬರೆದುಕೊಟ್ಟೆ.

ಅವನು ನಿಧಾನವಾಗಿ ಓದಿದ.

"ಇಷ್ಟೇ ಏನ್ರಿ? ಮೊದಲೇ ಹಿಂಗ ಬರದ್ ಕೊಡಬೇಕಿತ್ತಲ್ರಿ" ಎಂದ.